ಐದನೇ ಸೊಲ್ಲು

ನಮ್ಮ ದುಃಖಕ್ಕೆ ಅವರು ಮೂರು ನಿಮಿಷ ನಲವತ್ತು ಸೆಕೆಂಡು ಕೊಟ್ಟಿದ್ದರು.

ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿದ ಕಾರ್ಯಕ್ರಮ ಪಟ್ಟಿ. ಮೇಲ್ಗಡೆ ಒಂದು ಕಪ್ಪು ಕೈ, ಒಂದು ಬಿಳಿ ಕೈ, ಒಂದರ ಬೆರಳಲ್ಲಿ ಇನ್ನೊಂದರ ಬೆರಳು. ಮೇಯರ್ ಭಾಷಣಕ್ಕೆ ಹತ್ತು ನಿಮಿಷ, ಫಲಕ ತೆರೆಯುವುದಕ್ಕೆ ಎಂಟು, ನಿಂಬೆ ಪಾನಕಕ್ಕೆ ಇಪ್ಪತ್ತು. ನಡುವೆ ಎಲ್ಲೋ ನಾವು: 'ಕೆಳಗೇರಿ ಚರ್ಚಿನ ಹಳೆಯ ಕೀರ್ತನೆ, ಎರಡೂ ಚರ್ಚುಗಳ ಗಾಯಕರಿಂದ, 3:40.'

ಲೂಡಿ ಅತ್ತೆ ಜಗಲಿಯ ಮೇಲೆ ಕೂತು ಅಲಸಂದೆ ಕಾಯಿ ಸುಲಿಯುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿದ್ದರಿಂದ ನಾನೇ ಓದಿ ಹೇಳಿದೆ.

"ಮುಂದಕ್ಕೆ ಓದು."

"ಅಷ್ಟೇ ಅತ್ತೆ."

"ರಾಸ್ಕೋ ಹೆಸರು?"

"ಇಲ್ಲ."

"ಆ ಐದು ಜನದ್ದು?"

"ಇಲ್ಲ."

"ಪಾನಕ ಐತಾ?"

"ಐತೆ. ಇಪ್ಪತ್ತು ನಿಮಿಷ."

"ಸರಿ ಹಂಗಾದ್ರೆ," ಅಂದಳು ಅತ್ತೆ, "ಗಂಟ್ಲು ಒಣಗಿದ್ರೆ ಕುಡೀಬೋದು."

ಟಾರ್‌ವರ್ ಎಂಬ ನಮ್ಮೂರಿನ ನಡುವೆ, ಕೋರ್ಟಿನ ಎದುರಿಗೆ, ಒಂದು ಹುಲ್ಲುಹಾಸಿದೆ. ಜಾರ್ಜಿಯ ರಾಜ್ಯದಲ್ಲೇ ಅಷ್ಟು ಸಪಾಟಾದ ಹುಲ್ಲುಹಾಸು ಇನ್ನೊಂದಿಲ್ಲ ಎಂದು ಊರಿನವರು ಹೆಮ್ಮೆಪಡುತ್ತಾರೆ. ಸಪಾಟಾಗಿರದೆ ಏನು? ಅದು ಈಜುಕೊಳದ ಗೋರಿ. ಎಲ್ಲರ ತೆರಿಗೆಯಿಂದ ಕಟ್ಟಿದ ಕೊಳ, ಬಿಳಿಯರು ಮಾತ್ರ ಇಳಿಯುತ್ತಿದ್ದ ಕೊಳ. ಅರವತ್ತಮೂರನೇ ಇಸವಿಯಲ್ಲಿ ನ್ಯಾಯಾಧೀಶರು ಎಲ್ಲರಿಗೂ ಬಾಗಿಲು ತೆಗೆಯಿರಿ ಎಂದು ಆಜ್ಞೆ ಮಾಡಿದರು. ಏಪ್ರಿಲ್ ತಿಂಗಳಲ್ಲಿ ಪುರಸಭೆಯ ಐದು ಜನ ಮೇಜಿನ ಸುತ್ತ ಕೂತರು, ಕೈ ಎತ್ತಿದರು. ಮಾರನೇ ವಾರ ಲಾರಿಗಳಲ್ಲಿ ಕೆಂಪು ಮಣ್ಣು ಬಂತು. ನಮ್ಮ ಮೈ ತಾಗಿದ ನೀರಿನಲ್ಲಿ ಈಜುವುದಕ್ಕಿಂತ ನೀರೇ ಇಲ್ಲದಿರುವುದು ಲೇಸು ಎಂದು ಒಂದು ಊರು ತೀರ್ಮಾನಿಸಿತು. ಜುಲೈ ಬಿಸಿಲಿನಲ್ಲಿ ತಮ್ಮ ಮಕ್ಕಳ ಮೈ ಬೊಕ್ಕೆಯೆದ್ದರೂ ಸರಿ, ನಮ್ಮ ಮಕ್ಕಳು ನೆನೆಯಬಾರದು. ಅಂಥ ದ್ವೇಷ ಅದು.

ರಾಸ್ಕೋ ನನ್ನ ಚಿಕ್ಕಪ್ಪ, ಲೂಡಿ ಅತ್ತೆಯ ತಮ್ಮ, ಅವಳಿಗಿಂತ ಮೂರು ವರ್ಷ ಚಿಕ್ಕವನು. ನಾನು ಅವನನ್ನು ನೋಡಿಲ್ಲ. ಅವನು ಹನ್ನೊಂದು ವರ್ಷಕ್ಕೇ ನಿಂತುಹೋದ. ಆ ಹುಡುಗ ಮೂರು ಬೇಸಿಗೆ ಕೊಳದ ತಂತಿಬೇಲಿಗೆ ಮೂಗು ಒತ್ತಿ ನಿಂತು ಬಿಳಿಯ ಹುಡುಗರು ಈಜುವುದನ್ನು ನೋಡಿದ್ದ. ಕೈ ಹೇಗೆ ಬೀಸುತ್ತಾರೆ, ಕಾಲು ಹೇಗೆ ಬಡಿಯುತ್ತಾರೆ, ಯಾವಾಗ ತಲೆ ತಿರುಗಿಸಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲ. ಮನೆಗೆ ಬಂದು ಅಡುಗೆಮನೆಯ ಬೆಂಚಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಗಾಳಿಯಲ್ಲಿ ಈಜುತ್ತಿದ್ದ. ಅತ್ತೆ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದಳು. ಕೊಳದ ಬಾಗಿಲು ತೆರೆಯುವ ದಿನ ಎಲ್ಲರಿಗಿಂತ ಮೊದಲು ಹಾರುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಬಾಗಿಲು ತೆರೆಯಲಿಲ್ಲ, ಮಣ್ಣು ಬಿತ್ತು. ಜೂನ್ ತಿಂಗಳಲ್ಲಿ ಅವನು ಹೊಳೆಗೆ ಹೋದ, ತನಗೆ ಈಜು ಬರುತ್ತದೆ ಎಂದು ಪೂರ್ತಿ ನಂಬಿ, ಮಡುವಿಗೆ ಹಾರಿದ.

ಪತ್ರಿಕೆಯಲ್ಲಿ ಎರಡು ಸಾಲು ಬಂತು: ಈಜು ಬಾರದ ನೀಗ್ರೋ ಹುಡುಗ ಮುಳುಗಿ ಸಾವು.

"ಬರ್ತಿರ್ಲಿಲ್ಲ ಅಂತ ಬರದ್ರು," ಅನ್ನುತ್ತಿದ್ದಳು ಅತ್ತೆ. "ಯಾಕೆ ಬರ್ತಿರ್ಲಿಲ್ಲ ಅಂತ ಬರೀಲಿಲ್ಲ." ಅವಳು ತಮ್ಮನಿಗಾಗಿ ಅತ್ತಿದ್ದನ್ನು ಯಾರೂ ಕಂಡಿಲ್ಲ. ಅರವತ್ತು ವರ್ಷ ಅವಳಿಗಿದ್ದದ್ದು ಒಂದೇ ಆಸೆ: ಈ ಊರು ತನ್ನ ಬಾಯಿಂದಲೇ ಆ ಐವರ ಹೆಸರು ಹೇಳಬೇಕು. ಆಮೇಲೆ ರಾಸ್ಕೋನ ಹೆಸರು. ಈ ವರ್ಷ ವೈದ್ಯರು ಅವಳ ಶ್ವಾಸಕೋಶದ ಚಿತ್ರ ತೋರಿಸಿ ಏನೋ ಹೇಳಿದ್ದರು. ಅವಳಿಗೆ ಅರ್ಥವಾದದ್ದು ಇಷ್ಟೇ, ಹಾಡುವ ಉಸಿರು ಇನ್ನು ಬಹಳ ದಿನ ಇರುವುದಿಲ್ಲ.

ಅದೇ ಹೊತ್ತಿಗೆ 'ಕೈಗೆ ಕೈ' ಎಂಬ ಸಮಿತಿ ಹುಟ್ಟಿಕೊಂಡಿತು. ಅಧ್ಯಕ್ಷೆ ಕೊರಿನ್ ವಿಟ್ಲೋ ಎಂಬ ಬಿಳಿಯ ಹೆಂಗಸು. ಮಾತಾಡುವಾಗ ನಮ್ಮ ಮೊಣಕೈ ಮುಟ್ಟಿಯೇ ಮಾತಾಡುತ್ತಿದ್ದಳು. ಗ್ರಂಥಾಲಯದಲ್ಲಿ ಸಭೆ. ಹುಲ್ಲುಹಾಸಿನಲ್ಲಿ ನೆಡುವ ಫಲಕದ ಮಾತುಗಳನ್ನು ಅವಳೇ ಓದಿದಳು: "ಈ ಸ್ಥಳದಲ್ಲಿದ್ದ ಈಜುಕೊಳವು ಅಂದಿನ ಪರಿಸ್ಥಿತಿಯಿಂದಾಗಿ ಮುಚ್ಚಲ್ಪಟ್ಟಿತು. ನಾವೆಲ್ಲರೂ ಒಂದು ಬೇಸಿಗೆಯನ್ನು ಕಳೆದುಕೊಂಡೆವು."

"ಯಾರಮ್ಮಾ ಮುಚ್ಚಿದ್ದು?" ಅಂದಳು ಅತ್ತೆ. "ಗಾಳಿನಾ?"

"ಲೂಡಿ ಅಮ್ಮಾ, ನಿಮ್ಮ ನೋವು ನನಗೆ ಅರ್ಥ ಆಗುತ್ತೆ..."

"ನೋವಿನ ಮಾತು ಬಿಡು. ಐದು ಹೆಸ್ರವೆ, ನಂಗೆ ಬಾಯಿಪಾಠ. ಅವನ್ನ ಆ ತಗಡಿನ ಮೇಲೆ ಬರ್ಸು. ಕೆಳಗಡೆ ನನ್ ತಮ್ಮನ ಹೆಸ್ರು."

"ಆ ಮನೆತನದೋರೆಲ್ಲ ಇಲ್ಲೇ ಇದಾರಲ್ಲಮ್ಮ. ಮಕ್ಕಳು, ಮೊಮ್ಮಕ್ಕಳು. ಅವರೇನು ತಪ್ಪು ಮಾಡಿದಾರೆ? ಗಾಯ ಮಾಯೋ ಹೊತ್ತಲ್ಲಿ ಕೆರೆಯೋದು ಬೇಡ."

"ಗಾಯ ಯಾರ್ದು, ಮಾಯೋದು ಯಾರಿಗೆ?" ಅಂದೆ ನಾನು. ನನಗೆ ನಲವತ್ತಾರು, ದಿನಾ ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುವವಳು, ನನ್ನ ಗಂಟಲು ಅರವತ್ತು ಮಕ್ಕಳ ಗದ್ದಲದ ಮೇಲೆ ಕೇಳಿಸುವಂಥದ್ದು. ಗ್ರಂಥಾಲಯವೆಲ್ಲ ತಿರುಗಿ ನೋಡಿತು.

"ಜೆರೂಷಾ, ಕೂತ್ಕೋ," ಅಂದಳು ಅತ್ತೆ ತಣ್ಣಗೆ. ಆಮೇಲೆ ಕೊರಿನ್ ಕಡೆ ತಿರುಗಿ, "ಆಯ್ತಮ್ಮ. ಹಾಡು ಹೇಳಿಕೊಡ್ಬೇಕು ಅಂದ್ರಲ್ಲ, ನಿಮ್ ಗಾಯಕ್ರನ್ನ ಗುರುವಾರ ಗುರುವಾರ ನಮ್ ಚರ್ಚಿಗೆ ಕಳ್ಸು."

ಇವಳೂ ಸೋತಳು ಎಂದುಕೊಂಡೆ.

ನಮ್ಮ ಹಾಡಿಗೆ ಪುಸ್ತಕವಿಲ್ಲ. ಅಕ್ಷರ ಕಲಿತ ಗುಲಾಮರ ಬೆನ್ನಿನ ಚರ್ಮ ಸುಲಿಯುತ್ತಿದ್ದ ಕಾಲದಲ್ಲಿ ಹುಟ್ಟಿದ ಹಾಡುಗಾರಿಕೆ ಅದು. ಮುಂದಾಳು ಒಂದು ಸೊಲ್ಲು ಕೊಡುತ್ತಾಳೆ, ಸರಸರನೆ, ಮಾತಿನ ಹಾಗೆ. ಸಭೆ ಆ ಸೊಲ್ಲನ್ನು ಎತ್ತಿಕೊಂಡು, ಒಂದೊಂದು ಅಕ್ಷರವನ್ನೂ ಎಳೆದು, ತಿರುಚಿ, ಅಲೆಯ ಹಾಗೆ ಏರಿಸಿ ಇಳಿಸಿ ಅವಳಿಗೆ ವಾಪಸ್ಸು ಕೊಡುತ್ತದೆ. ಒಂದು ಸೊಲ್ಲು ತಿರುಗಿ ಬರಲು ಒಂದು ನಿಮಿಷವೂ ಆಗಬಹುದು. ಅದು ಬರುವ ತನಕ ಮುಂದಿನದು ಇಲ್ಲ. ಮೊದಲೆಲ್ಲ ಸೊಲ್ಲು ಕೊಡುತ್ತಿದ್ದವರು ಗಂಡಸರೇ. ಅವರೆಲ್ಲ ಒಬ್ಬೊಬ್ಬರಾಗಿ ಮಣ್ಣಿಗೆ ಹೋದ ಮೇಲೆ ಎಲ್ಲ ಮಟ್ಟುಗಳೂ ಉಳಿದದ್ದು ಲೂಡಿ ಅತ್ತೆಯ ಗಂಟಲಲ್ಲಿ ಮಾತ್ರ.

ಮೊದಲ ಗುರುವಾರ ಬಿಳಿಯರ ಕೋರ್ಟ್ ಬೀದಿ ಚರ್ಚಿನ ಇಪ್ಪತ್ತೆರಡು ಜನ ಗಾಯಕರು ಬಂದರು. ಎಲ್ಲರ ಕೈಯಲ್ಲೂ ಹಾಳೆ. ಅವರ ಗುರು ಗಾರ್ಲೆಂಡ್ ಟೀಸ್ಲಿ, ಐವತ್ತರ ಮನುಷ್ಯ, ತೆಳ್ಳಗೆ, ಮೆತ್ತಗೆ. ನಮ್ಮ ಹಾಡಿನ ಹಳೆಯ ಧ್ವನಿಮುದ್ರಣ ಕೇಳಿ ಕೇಳಿ ಸ್ವರಗಳನ್ನೆಲ್ಲ ಬರೆದುಕೊಂಡಿದ್ದ. ಅವನ ಅಜ್ಜ ಹಾರ್ಲನ್ ಟೀಸ್ಲಿ; ಆ ಐವರಲ್ಲಿ ಒಬ್ಬ, ಕೊಳಕ್ಕೆ ಮಣ್ಣು ಹಾಕೋಣವೆಂದು ಮೊದಲು ಬಾಯಿಬಿಟ್ಟವನು.

"ಇದೇನಪ್ಪಾ ಇದು?" ಅತ್ತೆ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ತಂತಿ ಮೇಲೆ ಕಾಗೆ ಕೂತಂಗೈತೆ."

"ಸ್ವರ ಹಾಕಿದೀನಿ ಲೂಡಿ ಅಮ್ಮಾ. ನಮ್ಮೋರಿಗೆ ಸುಲಭ ಆಗ್ಲಿ ಅಂತ."

"ನಂಗೆ ಸುಲಭ ಆಗ್ಲಿ ಅಂತ ಯಾರೂ ಏನೂ ಮಾಡಿಲ್ವಲ್ಲ ಮಗಾ. ಕೊಡ್ರಪ್ಪಾ ಎಲ್ಲಾ ಇಲ್ಲಿ."

ಇಪ್ಪತ್ತೆರಡು ಹಾಳೆಗಳನ್ನೂ ಕಿತ್ತುಕೊಂಡು ತನ್ನ ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತಳು. ನಮ್ಮ ಸಭೆಯ ಹಿರಿಯ ಎಜೆಲ್ ಮಾವನಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

"ನೀವು ಯೋಚ್ನೆ ಮಾಡ್ಬಾರ್ದು. ನಾನೇನು ಕೊಡ್ತೀನೋ ಅದನ್ನೇ ವಾಪಸ್ ಕೊಡ್ಬೇಕು. ಒಂದಕ್ಷರ ಹೆಚ್ಗೆ ಇಲ್ಲ, ಕಮ್ಮಿ ಇಲ್ಲ. ಸೊಲ್ಲು ನುಂಗೋನು ಕಳ್ಳ. ತಿಳೀತಾ?"

ಆರು ವಾರ ಕಲಿಸಿದಳು. ಅವರು ಮೊದಮೊದಲು ಸೈನಿಕರ ಹಾಗೆ ಟಕ್ ಟಕ್ ಎಂದು ತಾಳಕ್ಕೆ ಬೀಳುತ್ತಿದ್ದರು. "ಎಲ್ಲಿಗೆ ಅವಸರ? ಬಸ್ ಹೋಗ್ತೈತಾ? ಬಸ್ಸಿನೋಳು ಇಲ್ಲೇ ಕೂತವ್ಳೆ," ಎಂದು ಛೇಡಿಸುತ್ತಿದ್ದಳು. ಐದನೇ ವಾರದ ಹೊತ್ತಿಗೆ ಅವರು ಕಣ್ಣು ಮುಚ್ಚಿ ಎಳೆಯುವುದನ್ನು ಕಲಿತಿದ್ದರು. ಚೆನ್ನಾಗಿಯೇ ಹಾಡುತ್ತಿದ್ದರು, ಅದಕ್ಕೂ ನನಗೆ ಸಿಟ್ಟು. ನಮ್ಮ ಮುತ್ತಜ್ಜಿಯರು ಹತ್ತಿಹೊಲದಲ್ಲಿ ನೆತ್ತರು ಹರಿಸಿ ಗಳಿಸಿದ ರಾಗ, ಇವರು ಆರು ಗುರುವಾರದಲ್ಲಿ ಹೊದ್ದುಕೊಂಡು ಮನೆಗೆ ಹೋಗುತ್ತಿದ್ದರು, ಮುಖದ ಮೇಲೆ ಪುಣ್ಯ ಸಂಪಾದಿಸಿದ ಕಳೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಅತ್ತೆಯನ್ನು ಬಸ್ಸಿಗೆ ಹತ್ತಿಸಿಕೊಂಡೆ. ಎಜೆಲ್ ಮಾವ ಹಿಂದಿನ ಸೀಟಿನಲ್ಲಿದ್ದ. ಅತ್ತೆ ಬಿಳಿಯ ಟೋಪಿ ಸರಿಮಾಡಿಕೊಳ್ಳುತ್ತಾ, ಹವಾಮಾನದ ಸುದ್ದಿ ಹೇಳುವಂತೆ ಹೇಳಿದಳು: "ಮೊದ್ಲ ಎರಡು ಸೊಲ್ಲು ಕೀರ್ತನೆದು. ಆಮೇಲಿಂದು ನಂದು."

ನಾನು ಬ್ರೇಕ್ ಒತ್ತಿದೆ.

"ಏನು ನಿಂದು?"

"ಆ ಐದು ಹೆಸ್ರು. ಒಂದಾದ್ಮೇಲೊಂದು ಕೊಡ್ತೀನಿ. ಔರು ಎತ್ತಿದ್ರೆ, ಕಡೆಗೆ ರಾಸ್ಕೋ. ಎತ್ತಲಿಲ್ಲಾಂದ್ರೆ ನನ್ ತಮ್ಮನ್ ಹೆಸ್ರು ನಾನು ಈ ಊರಿಗೆ ಕೊಡಲ್ಲ. ಗೋರಿಗೆ ತಗೊಂಡೋಗ್ತೀನಿ."

"ಲೂಡೀ," ಅಂದ ಎಜೆಲ್ ಮಾವ ಗಾಬರಿಯಿಂದ, "ಔರು ಇದೇ ಮೊದ್ಲ ಸಲ ಕರೆದಿರೋದು ಕಣೇ. ಮರ್ಯಾದೆಯಿಂದ ಕರೆದವ್ರೆ."

"ನಾನೂ ಮರ್ಯಾದೆಯಿಂದ್ಲೇ ಹಾಡ್ತೀನಿ ಬಿಡು. ಬಸ್ ಬಿಡೇ ಜೆರೂಷಾ, ಬಿಸ್ಲು ಏರ್ತೈತೆ."

ಇವಳೂ ಸೋತಳು ಎಂದುಕೊಂಡ ನನ್ನ ನಾಲಿಗೆ ಸೇದಿಹೋಗಲಿ. ಬಸ್ಸು ಬಿಟ್ಟೆ.

ಹುಲ್ಲುಹಾಸಿನ ಮೇಲೆ ಮುನ್ನೂರು ಕುರ್ಚಿ. ವೇದಿಕೆಯ ಬಲಕ್ಕೆ ನಮ್ಮ ಹದಿನಾಲ್ಕು ಜನ, ಎಡಕ್ಕೆ ಅವರ ಇಪ್ಪತ್ತೆರಡು, ನಡುವೆ ಗಾರ್ಲೆಂಡ್, ಮುಂದೆ ಒಂದು ಮೈಕು ಮತ್ತು ಅತ್ತೆಗೊಂದು ಕುರ್ಚಿ. ಅವಳು ಕೂರಲಿಲ್ಲ. ಕಾಲಿನ ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಂತಳು. ಹಲಗೆಯ ಕೆಳಗೆ ಹುಲ್ಲು, ಹುಲ್ಲಿನ ಕೆಳಗೆ ಆ ಲಾರಿಗಳ ಮಣ್ಣು, ಅದರ ತಳದಲ್ಲಿ ಇವತ್ತಿಗೂ ನೀಲಿ ಬಣ್ಣದ ಗಾರೆ.

*ದಾರಿ ದೂರ ಬಂದೆ ದೇವಾ, ಕಾಲು ಸೋತು ನಿಂತೆನೋ...*

ಮೂವತ್ತಾರು ಗಂಟಲು ಅದನ್ನು ಎತ್ತಿಕೊಂಡವು. ಎದೆಯೊಳಗೆ ಗುಡುಗು ಉರುಳಿದ ಹಾಗೆ. ಕುರ್ಚಿಗಳಲ್ಲಿ ಕೂತಿದ್ದ ಜನ ಬೀಸಣಿಗೆ ನಿಲ್ಲಿಸಿದರು. ಕೊರಿನ್ ಎದೆಯ ಮೇಲೆ ಕೈಯಿಟ್ಟುಕೊಂಡಳು.

*ಬಾಗಿಲಲ್ಲಿ ಕೂಗಿ ಕರೆದೆ, ಚಿಲಕ ತೆಗೆಯ ಬಾರೆಯಾ...*

ಅದೂ ತಿರುಗಿ ಬಂತು. ಅತ್ತೆ ಉಸಿರೆಳೆದುಕೊಂಡಳು.

*ಅರವತ್ಮೂರರ ಏಪ್ರಿಲಲ್ಲಿ ಐದು ಮಂದಿ ಕೂತರೋ...*

ಅವರು ಎತ್ತಿದರು! ಕಣ್ಣು ಮುಚ್ಚಿಕೊಂಡಿದ್ದರಲ್ಲ. ಕಲಿಸಿದ್ದನ್ನು ಕಲಿಸಿದ ಹಾಗೆ, ಅಕ್ಷರ ಅಕ್ಷರ ಎಳೆದು ಎತ್ತಿದರು. ಗಾರ್ಲೆಂಡ್ ಮಾತ್ರ ಕಣ್ಣು ತೆರೆದ.

*ಕಪ್ಪು ಮೈಯಿ ತಾಗೋದಾದ್ರೆ ನೀರೇ ಬೇಡ ಅಂದರೋ...* ಅದನ್ನೂ ಎತ್ತಿದರು. *ಕೈಯನೆತ್ತಿ ಮಣ್ಣು ಸುರಿದ ಆರಿನ್ ಸ್ಟಾಲಿಂಗ್ಸ್ ಒಬ್ಬನೋ...*

ಸ್ಟಾಲಿಂಗ್ಸನ ಮೊಮ್ಮಗಳು ಅವರ ಮುಂದಿನ ಸಾಲಿನಲ್ಲೇ ನಿಂತಿದ್ದಳು. ಒಳ್ಳೆಯ ಕಂಠ. ತನ್ನ ಅಜ್ಜನ ಹೆಸರನ್ನು ಅವಳು ಮೇಲಕ್ಕೆ ಒಯ್ದು, ಅಲ್ಲಿ ಒಂದು ಸುತ್ತು ಸುತ್ತಿಸಿ, ಮೆಲ್ಲನೆ ಕೆಳಕ್ಕೆ ಇಳಿಸಿದಳು. ಇಳಿಸಿದ ಮೇಲೆ ತಾನು ಏನು ಹಾಡಿದೆನೆಂದು ಗೊತ್ತಾಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಈ ಹಾಡಿನ ಸೊಗಸೇ ಅದು. ಮಾತಿನಲ್ಲಿ ಹೇಳಿದರೆ ಹೆಸರು ಒಂದು ಕ್ಷಣದಲ್ಲಿ ಮುಗಿದುಹೋಗುತ್ತದೆ, ಕೆಮ್ಮಿ ಮರೆಸಬಹುದು. ಹೀಗೆ ಹಾಡಿದರೆ ಅದರೊಳಗೆ ಒಂದು ನಿಮಿಷ ವಾಸ ಮಾಡಬೇಕು.

ಎರಡನೆಯದು ಎಮೆಟ್ ವಾಸ್. ಮೂರನೆಯದು ಲೂಸಿಯಸ್ ಕ್ರಾಬ್‌ಟ್ರೀ. ಎಡಗಡೆಯ ದನಿ ತೆಳ್ಳಗಾಗುತ್ತಾ ಬಂತು. ಬಲಗಡೆ ನಾವು ಎದೆ ಬಿರಿಯುವ ಹಾಗೆ ಹಾಡುತ್ತಿದ್ದೆವು. ಗಾಬರಿಯಾಗಿದ್ದ ಎಜೆಲ್ ಮಾವನದೇ ಎಲ್ಲರಿಗಿಂತ ದೊಡ್ಡ ಗಂಟಲು. ಕುರ್ಚಿಗಳು ಕಿರ್ರೆಂದವು. ಯಾರೋ "ನಾಚಿಕೆಗೇಡು!" ಎಂದು ಕೂಗಿದರು. ಹೌದು, ನಾಚಿಕೆಗೇಡು, ಅರವತ್ತು ವರ್ಷ ತಡವಾಗಿ ಆ ಮಾತು ಬಂತು, ಅದೂ ನಮ್ಮ ಕಡೆಗೆ ಬೆರಳು ತೋರಿಸಿ. ನಾಲ್ಕನೆಯ ಹೆಸರು ವೆಂಡೆಲ್ ಪೈಕ್ ಎನ್ನುವಷ್ಟರಲ್ಲಿ ಕೊರಿನ್ ಓಡಿಹೋಗಿ ಮೈಕಿನ ತಂತಿ ಕಿತ್ತಳು.

ಅತ್ತೆ ಆ ಸತ್ತ ಮೈಕನ್ನು ಪಕ್ಕಕ್ಕೆ ಸರಿಸಿದಳು. ಮೈಕು ಇಲ್ಲದ ಕಾಲದ ಹಾಡಿಗೆ ಮೈಕು ಕಿತ್ತರೆ ಏನಾಗಬೇಕು? ನಾಲ್ಕನೆಯ ಹೆಸರೂ ಎಡಗಡೆಯ ಕೆಲವೇ ಬಾಯಿಗಳಿಂದ ತಿರುಗಿ ಬಂತು. ಆ ಹೊತ್ತಿಗೆ ಅವರಲ್ಲಿ ಅರ್ಧಕ್ಕರ್ಧ ಜನ ವೇದಿಕೆ ಇಳಿದಿದ್ದರು. ಅದಾದ ಮೇಲೆ ಉಳಿದವರೂ ಬಾಯಿ ಬಿಗಿದರು. ಅತ್ತೆ ಐದನೇ ಹೆಸರಿನ ಸೊಲ್ಲು ಕೊಟ್ಟಳು:

*ಮಣ್ಣು ಹಾಕಿ ಎಂದು ಮೊದಲು ಅಂದ ಹಾರ್ಲನ್ ಟೀಸ್ಲಿಯೋ...*

ನಾವು ಎತ್ತಿದೆವು, ತಿರುಗಿಸಿದೆವು. ಎಡಗಡೆಯಿಂದ ಒಂದು ಉಸಿರೂ ಇಲ್ಲ.

ಅತ್ತೆ ಕಾದಳು. ಒಂದು ಕೈ ಮೇಲೆತ್ತಿ, ಅಂಗೈ ಅವರ ಕಡೆ ಮಾಡಿ.

"ನಾವು ಎತ್ತಿದ್ವಲ್ಲ ಲೂಡೀ," ಎಜೆಲ್ ಮಾವ ಪಿಸುಗುಟ್ಟಿದ, "ಮುಂದಕ್ಕೆ ಹೋಗು. ರಾಸ್ಕೋದು ಕೊಟ್ಬಿಡು. ಸಾಕು."

"ನಿಮ್ದು ಕೇಳಿಸ್ತು. ಔರ್ದು ಕೇಳಿಸ್ಲಿಲ್ಲ."

ಎತ್ತಿದ ಕೈ ಕೆಳಗಿಳಿಸಲಿಲ್ಲ. ನಾನು ಹೋಗಿ ಮೊಣಕೈಗೆ ಆಸರೆ ಕೊಡಲು ಹೊರಟರೆ ಕಣ್ಣಲ್ಲೇ ಗದರಿದಳು. ಬಿಸಿಲು ನೆತ್ತಿಯ ಮೇಲಿತ್ತು. ಅವಳ ಉಸಿರು ಸುಯ್ಯೆನ್ನುವುದು ನನಗೆ ಕೇಳಿಸುತ್ತಿತ್ತು, ತೂತು ಬಿದ್ದ ತಿದಿಯ ಹಾಗೆ. ಒಬ್ಬ ಹುಡುಗನ ಹೆಸರು ಆ ತಿದಿಯೊಳಗೆ ಕಾದು ಕೂತಿತ್ತು, ಇನ್ನೊಮ್ಮೆ ಬೇಲಿಯ ಆಚೆ.

"ಗಾರ್ಲೆಂಡ್, ಏನಾದ್ರೂ ಮಾಡಿ!" ಕೊರಿನ್ ಕೆಳಗಿಂದ ಹಲ್ಲು ಕಚ್ಚಿ ಅಂದಳು. "ಬೇರೆ ಹಾಡು ಶುರು ಮಾಡ್ಸಿ!"

ಗಾರ್ಲೆಂಡ್ ಎರಡು ಗುಂಪುಗಳ ನಡುವೆ ಒಬ್ಬನೇ ನಿಂತಿದ್ದ. ಅವನು ಕೊರಿನ್ ಕಡೆ ನೋಡಿದ, ತನ್ನ ಗಾಯಕರನ್ನು ನೋಡಿದ. ನನ್ನನ್ನೂ ನೋಡಿದ, ನಾನೇನೋ ದಾರಿ ತೋರಿಸುತ್ತೇನೆಂಬಂತೆ. ಕಡೆಗೆ ಅತ್ತೆಯ ಅಂಗೈ ನೋಡಿದ.

"ಲೂಡಿ ಅಮ್ಮಾ," ಅಂದ, ಅಂಗಲಾಚುವ ದನಿಯಲ್ಲಿ, "ನನ್ನ ಅಪ್ಪ ಎದುರಿಗೆ ಕೂತಿದಾರೆ."

"ನಮ್ಮಪ್ಪ ಹೆಣ ಹೊತ್ಕೊಂಡು ಈ ಬೀದೀಲೇ ಬಂದ," ಅಂದಳು ಅತ್ತೆ. "ನಿಮ್ಮಪ್ಪ ಆವಾಗ್ಲೂ ನೋಡಿರ್ತಾನೆ. ಸೊಲ್ಲು ಕೊಟ್ಟಿದೀನಿ. ವಾಪಸ್ ಕೊಡು."

ಅವನು ಬಾಯಿ ತೆರೆದ. ಮೊದಲು ಗಾಳಿ ಬಂತು, ಆಮೇಲೆ ಒಡೆದ ದನಿ. ಸ್ವರ ತಪ್ಪಿತ್ತು, ಬಹಳ ಕೆಳಗೆ ಹಿಡಿದಿದ್ದ. ಆದರೂ ಎಳೆದ. ಹಾರ್ಲನ್ ಎಂಬಲ್ಲಿ ಸಿಕ್ಕಿಕೊಂಡ, ಟೀಸ್ಲಿ ಎಂಬ ತನ್ನದೇ ಹೆಸರಿನಲ್ಲಿ ಉಸಿರು ಮುಗಿಯಿತು, ಮತ್ತೆ ಉಸಿರೆಳೆದು ಮುಗಿಸಿದ. ಅವನು ಮುಗಿಸುವ ಮುಂಚೆ ಸ್ಟಾಲಿಂಗ್ಸನ ಮೊಮ್ಮಗಳು ಸೇರಿಕೊಂಡಿದ್ದಳು, ಅವಳ ಹಿಂದೆ ಇನ್ನೂ ನಾಲ್ಕೈದು ಮಂದಿ. ಎದುರಿನ ಸಾಲಿನಿಂದ ಒಬ್ಬ ಮುದುಕ ಊರುಗೋಲು ಕುಟ್ಟುತ್ತಾ ಎದ್ದು ಹೊರಟುಹೋದ.

ನನಗೆ ಗಾರ್ಲೆಂಡ್ ಮೇಲೆ ಕನಿಕರ ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಒಂದು ಹೆಸರು ಹೇಳುವುದಕ್ಕೆ ಅಷ್ಟು ಕಷ್ಟವಾಯಿತೇ? ನಾವು ಆ ಹೆಸರಿನ ಅಡಿಯಲ್ಲಿ ಬದುಕಿದವರು. ನಾಳೆ ಪತ್ರಿಕೆಯವರು ಅವನ ಧೈರ್ಯವನ್ನೇ ಹೊಗಳುತ್ತಾರೆ ಎಂದು ಆಗಲೇ ಗೊತ್ತಿತ್ತು. ಅವನ ಚಿತ್ರ ತೆಗೆಯುತ್ತಲೂ ಇದ್ದರು.

ಅತ್ತೆ ಕೈ ಇಳಿಸಿದಳು. ಕೊಟ್ಟಳು:

*ಹನ್ನೊಂದೊರ್ಷ, ನನ್ನ ತಮ್ಮ, ರಾಸ್ಕೋ ಅವನ ಹೆಸರೋ...*

ಒಂದಕ್ಷರ ಹೆಚ್ಚಿಗೆಯಿಲ್ಲ, ಕಮ್ಮಿಯಿಲ್ಲ, ಕೊಟ್ಟದ್ದನ್ನೇ ಹಾಡಬೇಕಲ್ಲ. ಗಾರ್ಲೆಂಡ್ 'ನನ್ನ ತಮ್ಮ' ಎಂದು ಹಾಡಿದ. ಸ್ಟಾಲಿಂಗ್ಸನ ಮೊಮ್ಮಗಳು 'ನನ್ನ ತಮ್ಮ' ಎಂದು ಹಾಡಿದಳು. ನಮ್ಮ ಹದಿನಾಲ್ಕು ಜನ ಹಾಡಿದರು. ಕುರ್ಚಿಗಳ ಹಿಂದೆ, ಮರದ ನೆರಳಲ್ಲಿ ನಿಂತಿದ್ದ ನಮ್ಮ ಕೆಳಗೇರಿಯ ಜನ, ಯಾರೂ ಕರೆಯದಿದ್ದರೂ ಬಂದವರು, ಅವರೂ ಎತ್ತಿದರು. ಆ ಹೆಸರು ಕೋರ್ಟಿನ ಗೋಡೆಗೆ ಬಡಿದು ಮತ್ತೆ ಹುಲ್ಲಿನ ಮೇಲೆ ಬಂತು.

ಕೊರಿನ್ ಕೈಯಲ್ಲಿ ಪಟ್ಟಿ ಹಿಡಿದು ಮೆಟ್ಟಿಲು ಹತ್ತಲು ಬಂದಳು. ನಾನು ಮೆಟ್ಟಿಲಿಗೆ ಅಡ್ಡ ನಿಂತೆ. ಮೊಣಕೈ ಮುಟ್ಟಲು ಬಂದ ಕೈಯನ್ನು ತಳ್ಳಿದೆ. "ಕೂತ್ಕೊಳ್ಳಿ ಮೇಡಂ. ಇನ್ನೂ ಮುಗ್ದಿಲ್ಲ."

ಗಾರ್ಲೆಂಡ್ ಅತ್ತೆಯ ಹತ್ತಿರ ಬಂದಿದ್ದ. ಅವನ ಗಲ್ಲವೆಲ್ಲ ಒದ್ದೆ, ಭುಜ ಕುಲುಕುತ್ತಿತ್ತು. ಅವಳ ಎರಡೂ ಕೈಗಳನ್ನು ಹಿಡಿದುಕೊಳ್ಳಲು ಚಾಚಿದ. ಕ್ಯಾಮೆರಾದವನು ಓಡಿಬಂದ.

ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅಳ್ಬೇಡ. ಇವತ್ತು ಅಳೋ ಸರದಿ ನಂದು. ನೀನು ಸುಮ್ನೆ ನಿಂತ್ಕೋ."

ಅವನು ಕಣ್ಣೊರೆಸಿಕೊಂಡು ಸುಮ್ಮನೆ ನಿಂತ. ಅತ್ತೆ ಟೋಪಿ ತೆಗೆದು ಕುರ್ಚಿಯ ಮೇಲಿಟ್ಟಳು. ಆಮೇಲೆ, ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಹೊಳೆಯ ದಂಡೆಯಲ್ಲಿ ಬಾಯಿಬಿಟ್ಟು ಅಳುವ ಹಾಗೆ, ಇಡೀ ಊರಿನ ಎದುರಿಗೆ, ಯಾವ ರಾಗವೂ ಇಲ್ಲದೆ ಅತ್ತಳು.